ಕೊನೆಯ ಖಾಲಿ ಪುಟ

ನವೆಂಬರ್ 19, ಬುಧವಾರ

ಅವರ ಮುದ್ರೆ ಪುಸ್ತಕದ ಕೊನೆಯ ಪುಟ ಇವತ್ತೂ ಖಾಲಿಯೇ ಉಳಿಯಿತು.

ನನ್ನ ಗಂಡ ಶಿಗೆಯೋಶಿ ತೀರಿಹೋಗಿ ಮೂವತ್ತೆಂಟು ದಿನ. ಯಾವ ಗುಡಿಗೆ ಹೋದರೂ ಆ ಪುಸ್ತಕದಲ್ಲಿ ಗುಡಿಯ ಹೆಸರು ಬರೆಸಿ, ಕೆಂಪು ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ಅದನ್ನು ಅವರ ಶವಪೆಟ್ಟಿಗೆಯಲ್ಲಿ ಇಡಬೇಕಿತ್ತು. ಒಂದು ಪುಟ ಬಾಕಿಯಿದೆಯೆಂದು ನಾನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ನಲವತ್ತೊಂಬತ್ತನೆಯ ದಿನದ ಪೂಜೆಯಲ್ಲಿ ಸುಟ್ಟರೂ ಅವರಿಗೆ ತಲುಪುತ್ತದೆ ಎಂದು ಬೌದ್ಧ ಗುರುಗಳು ಹೇಳಿದ್ದಾರೆ.

ಆ ಪುಟವನ್ನು ಬೆಟ್ಟದ ಶಿಂಟೋ ಗುಡಿಗೆಂದು ಅವರೇ ಬಿಟ್ಟಿದ್ದರು. ಮರದ ಎಲೆ ಕೆಂಪಾದಾಗ ಇಬ್ಬರೂ ಹೋಗೋಣ ಎಂದಿದ್ದರು. ಇವತ್ತು ನೆರೆಮನೆಯ ತೊಮಿಎ ಅಜ್ಜಿಯ ಜೊತೆ ಹೋದೆ. ಐವತ್ತು ದಿನದ ಸೂತಕ ಕಳೆಯದೆ ನಾನು ಹೆಬ್ಬಾಗಿಲಿನ ಕೆಂಪು ಕಂಬ ದಾಟುವ ಹಾಗಿಲ್ಲ. ಹೊರಗೇ ನಿಂತೆ.

“ಕೊಡೇ ಇಲ್ಲಿ, ನಾನು ಬರೆಸ್ಕೊಂಡು ಬರ್ತೀನಿ,” ಅಂದರು ಅಜ್ಜಿ. “ನಮ್ಮನೇಲಿ ಯಾರೂ ಸತ್ತಿಲ್ಲ. ಸಾಯೋ ಸರದಿ ನಂದೇ, ಅದನ್ನೂ ಮರ್ತು ಕೂತಿದ್ದೀನಿ.”

ನಗು ಬಂತು. ಪುಸ್ತಕ ಮಾತ್ರ ಕೈಬಿಡಲಿಲ್ಲ.

“ಬೇಡಜ್ಜಿ.”

“ಬೇಡ್ವಾ? ಮತ್ತೆ ಇಷ್ಟು ಮೆಟ್ಟಿಲು ಯಾಕೆ ಹತ್ತಿಸ್ದೆ? ನನ್ನ ಮೊಣಕಾಲಿಗೆ ಈಗ ನೀನೇ ಸಮಾಧಾನ ಹೇಳು.”

ಅವರೊಬ್ಬರೇ ಒಳಗೆ ಹೋದರು. ದೇವರ ಮುಂದೆ ಎರಡು ಸಲ ಚಪ್ಪಾಳೆ ತಟ್ಟಿದ್ದು ನನಗೆ ಹೊರಗೆ ಕೇಳಿಸಿತು.

ಪುಟ ತುಂಬಿದರೆ, ನಾವಿಬ್ಬರೂ ಹೋಗಬೇಕಾದ ಜಾಗ ಒಂದೂ ಉಳಿಯುವುದಿಲ್ಲ. ಖಾಲಿಯಾಗಿಯೇ ಸುಡಿಸುತ್ತೇನೆ. ತೆರೆದು ನೋಡಿದಾಗ ಅವರು ಬೈದಾರು. ಬೈಯಲಿ. ಆ ದನಿ ಕೇಳಿ ಮೂವತ್ತೆಂಟು ದಿನವಾಯಿತು.