ಕೈ ಎತ್ತಿದ್ದು

ಶಂಕರಪುರಂ
೧೮ ಜನವರಿ ೨೦೨೫, ಶನಿವಾರ ಮಧ್ಯಾಹ್ನ

ನನ್ನ ಮೊಂಡು ಮಗಳು ಆರಾಧನಾಗೆ ಅಮ್ಮನ ಆಶೀರ್ವಾದ.

ಫೋನ್ ಮಾಡಿದರೆ ತೆಗೆಯುವುದಿಲ್ಲ, ವಾಟ್ಸಾಪ್‌ನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಎದುರುಮನೆ ದೊರೆಸ್ವಾಮಿಯವರು ಮಲ್ಲೇಶ್ವರಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ನನ್ನ ಪುಸ್ತಕದ ಆರು ಅಧ್ಯಾಯ ಟೈಪ್ ಮಾಡಿಕೊಟ್ಟವಳು ಏಳನೆಯದನ್ನು ವಾಪಸ್ ಕಳಿಸಿದೆ. "ಇದು ಸುಳ್ಳು ಅಮ್ಮ, ನಾನ್ ಟೈಪ್ ಮಾಡಲ್ಲ" ಅಂದೆ. ಮೂವತ್ತೆರಡನೇ ವಯಸ್ಸಿಗೆ ನಾನು ಕಥೆ ಬರೆಯುವುದನ್ನು ಏಕೆ ಬಿಟ್ಟೆ ಎಂಬ ಅಧ್ಯಾಯ ಅದು. ಟೀಚರ್ ಕೆಲಸ, ಮನೆ ಕೆಲಸ, ಪುರುಸೊತ್ತು ಸಿಗಲಿಲ್ಲ ಎಂದು ಬರೆದಿದ್ದೆ. ಸೋಮವಾರ ಪ್ರಕಾಶಕರಿಗೆ ಕೊಡಬೇಕು. ಅದೊಂದು ಬಿಟ್ಟು ಉಳಿದೆಲ್ಲ ಮುಗಿದಿದೆ. ಇದನ್ನೂ ಮುಗಿಸಿಯೇ ತೀರುತ್ತೇನೆ.

ಭುಜದ ನೋವು ಹಾಗೇ ಇದೆ. ಫಿಸಿಯೋ ತೇಜಶ್ರೀ ಕಟ್ಟುನಿಟ್ಟು: "ಇಪ್ಪತ್ತೈದು ನಿಮಿಷಕ್ಕೊಂದ್ಸಲ ಎದ್ದು ಎರಡೂ ಕೈ ಮೇಲೆತ್ಬೇಕು ಆಂಟಿ. ಪೆನ್ ಕೆಳಗಿಟ್ರೆ ಕಥೆ ಎಲ್ಲೂ ಓಡ್ಹೋಗಲ್ಲ." ಬರೆಯುವ ಭರದಲ್ಲಿರುವಾಗ ಏಳು ಅಂದರೆ ಮೈ ಉರಿಯುತ್ತದೆ. ಆದರೂ ಏಳುತ್ತೇನೆ. ನಿನ್ನೆ ಬಾಲ್ಕನಿಯಲ್ಲಿ ಕೈ ಎತ್ತಿ ನಿಂತಿದ್ದರೆ ದೊರೆಸ್ವಾಮಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಏನ್ರೀ ಗೋದಾ ಮೇಡಂ, ಪುಸ್ತಕ ಬರೆಯೋಕಾಗಲ್ಲ ಅಂತ ಕೈ ಎತ್ಬಿಟ್ರಾ?" ಎತ್ತಿರುವುದು ಇಳಿಸಿ ಬರೆಯುವುದಕ್ಕೇ ಸ್ವಾಮಿ, ಅಂದೆ.

ಅಲಾರಂ ಹೊಡೆಯಿತು. ತಾಳು, ಎದ್ದು ಬರುತ್ತೇನೆ.

ಬಂದೆ. ಒಂದು ವಿಚಿತ್ರ ಹೇಳಲಾ? ಹೀಗೆ ಮೈಮುರಿದು ಬಂದು ಕೂತಾಗಲೆಲ್ಲ, ಮೊದಲು ಬರೆದದ್ದು ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಸುಳ್ಳು ಎಲ್ಲಿದೆ ಅಂತ ಥಟ್ಟನೆ ಗೊತ್ತಾಗುತ್ತದೆ. "ಪುರುಸೊತ್ತು ಸಿಗಲಿಲ್ಲ" ಎಂಬುದನ್ನು ಇವತ್ತು ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ, ಒಂದು ಕೇಜಿ ಅವರೆಕಾಯಿ ಸುಲಿದು ಮುಗಿಸಿದರೂ ಹೊಳೆಯಲಿಲ್ಲ.

ಮತ್ತೆ ಅಲಾರಂ.

ಹೊಳೆಯಲಿಲ್ಲ ಅಂದದ್ದೂ ಸುಳ್ಳು ಕಣೇ. ಗೊತ್ತಿತ್ತು, ಧೈರ್ಯ ಇರಲಿಲ್ಲ. ನಿನಗಾಗ ಏಳು ವರ್ಷ. ಮೂರು ವಾರದಿಂದ ಬರೆಯುತ್ತಿದ್ದ ಕಥೆಯ ಕೊನೇ ಹಾಳೆ. ಊಟವನ್ನೂ ಬಿಟ್ಟು ಬೆಳಗಿನಿಂದ ಕೂತಲ್ಲೇ ಕೂತಿದ್ದೆ. ನೀರು ಕುಡಿದು ಬರುವಷ್ಟರಲ್ಲಿ ನೀನು ಆ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದೆ. ಕೈ ಎತ್ತಿದೆ. ಎತ್ತಿದ ಕೈ ಸುಮ್ಮನೆ ಇಳಿಯಲಿಲ್ಲ, ಐದೂ ಬೆರಳು ನಿನ್ನ ಕೆನ್ನೆಯ ಮೇಲೆ ಮೂಡಿದವು. ನನ್ನ ಕೈಗೆ ನಾನೇ ಹೆದರಿದೆ. ಆ ಸಂಜೆಯೇ ಪೆನ್ನು ಮುಚ್ಚಿಟ್ಟೆ.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆಮೇಲೆ ಜಗಳವಾದಾಗಲೆಲ್ಲ "ನಿನ್ನ ಸಾಕೋದ್ರಲ್ಲೇ ನನ್ನ ಬರವಣಿಗೆ ಹೋಯ್ತು" ಎಂದು ಅದನ್ನು ನಿನ್ನ ತಲೆಗೇ ಕಟ್ಟಿದೆ. ತಪ್ಪು ನನ್ನದು ಕಂದಾ. ಪೂರ್ತಿ ನನ್ನದೇ.

ಇಷ್ಟು ಬರೆದವಳು ಕಾಗದ ಪಕ್ಕಕ್ಕಿಟ್ಟು, ರಾತ್ರಿಯವರೆಗೆ ಕೂತು ಇದನ್ನೇ ಏಳನೇ ಅಧ್ಯಾಯ ಮಾಡಿ ಜೊತೆಗಿಟ್ಟಿದ್ದೇನೆ. ನೀನು ಟೈಪ್ ಮಾಡಿದರೆ ಸಂತೋಷ. ಇಲ್ಲವೋ, ಚಾಮರಾಜಪೇಟೆಯಲ್ಲಿ ಡಿಟಿಪಿ ಮಾಡುವ ಬಿಂದು ಇದ್ದಾಳೆ. ಓದಿದವರು ಏನಾದರೂ ಅಂದುಕೊಳ್ಳಲಿ, ಸೋಮವಾರ ಪುಸ್ತಕ ಹೋಗುತ್ತದೆ, ಈ ಅಧ್ಯಾಯದ ಸಮೇತ ಹೋಗುತ್ತದೆ. ಈ ಸಲ ನಾನು ಕೈ ಎತ್ತುವವಳಲ್ಲ, ತೇಜಶ್ರೀ ಹೇಳಿದ ಹೊತ್ತಿನಲ್ಲಿ ಬಿಟ್ಟು.

ನಿನ್ನ ಅಮ್ಮ,
ಗೋದಾ

ತಾ.ಕ.: ಸಹಿ ಹಾಕಿ ಇನ್ನೊಮ್ಮೆ ಎದ್ದು ಬಂದೆ. ಆದ್ದರಿಂದ ಇದನ್ನೂ ಹೇಳಲೇಬೇಕು. ಏಟು ಬಿದ್ದಾಗ ನೀನು ಕೆನ್ನೆ ಮುಚ್ಚಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಹಾಳೆ ಮುಚ್ಚಿಕೊಂಡೆ. ನೀನು ಗೀಚಿರಲಿಲ್ಲ. ನನ್ನ ಕೊನೇ ಸಾಲಿನ ಕೆಳಗೆ ಬರೆದಿದ್ದೆ: "ನಮ್ಮ ಅಮ್ಮ ಕತೆ ಬರೆಯುತಾಳೆ. ನಾನು ಗಲಾಟೆ ಮಾಡಲ್ಲ." ಹೊಡೆದ ಮೇಲೆ ಓದಿದೆ. ಇಪ್ಪತ್ತಾರು ವರ್ಷದಿಂದ ಆ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. ಈಗ ಆ ಎರಡು ಸಾಲಿನಿಂದಲೇ ಅಧ್ಯಾಯ ಮುಗಿಸಿದ್ದೇನೆ. "ಬರೆಯುತಾಳೆ"ಗೆ ತಾವತ್ತಿಲ್ಲ. ನಾನು ತಿದ್ದಿಲ್ಲ. ಟೈಪ್ ಮಾಡುವಾಗ ನೀನೂ ತಿದ್ದಬೇಡ.