ದಾರಿಯಲ್ಲಿ ನಿಂತ ಮುದುಕಿ

ಜಡಿಗೇನಹಳ್ಳಿ
11 ಜನವರಿ 2025

ಮುದ್ದಿನ ಮೊಮ್ಮಗಳು ನವ್ಯಶ್ರೀಗೆ,

ಹೇಗಿದ್ದೀಯಮ್ಮಾ? ಪುಣೆಯ ಚಳಿಗೆ ನೆಗಡಿ ಆಗಿತ್ತಲ್ಲ, ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಚೆನ್ನಾಗಿ ಓಡುತ್ತಿದೆ.

ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದೇನೆ. ಡ್ರೈವರ್ ಇಲ್ಲದೆ ಓಡುವ ನಿಮ್ಮ ಕಾರಿಗೆ ಬ್ರೇಕ್ ಹಿಡಿಯಲಿಲ್ಲ ಅಂದುಕೋ; ನೇರ ಹೋದರೆ ದಾರಿಯಲ್ಲಿ ನಿಂತ ಮುದುಕಿ ಸಾಯುತ್ತಾಳೆ, ತಿರುಗಿದರೆ ಮರಕ್ಕೆ ಗುದ್ದಿ ಒಳಗಿರುವವರು ಸಾಯುತ್ತಾರೆ. ಯಾರನ್ನು ಉಳಿಸು ಅಂತ ಕಾರಿಗೆ ಹೇಳಿಕೊಡಬೇಕು? ನಿಮ್ಮ ಆಫೀಸಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ನಿನಗೋ ನಿದ್ದೆಯಿಲ್ಲ. ಒಬ್ಬಳೇ ಯೋಚಿಸಿ ಸಾಕಾಗಿ, ನಿನ್ನೆ ಒಕ್ಕಣೆಯ ಹತ್ತಿರ ಎಲ್ಲರನ್ನೂ ಕೇಳಿಯೇಬಿಟ್ಟೆ. ಈ ಸಲವೂ ಟಾರ್ ರಸ್ತೆಗೇ ರಾಗಿ ಹರಡಿದ್ದೇವೆ. ಹೋಗಿಬರುವ ಬಸ್ಸು, ಲಾರಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಪಕ್ಕದ ಮನೆಯ ಕೆಂಪರಾಜು, "ಮೊದ್ಲು ಮುದುಕಿ ವಯಸ್ಸೆಷ್ಟು ಅಂತ ಕೇಳ್ಬೇಕು ಕಣಜ್ಜಿ" ಅಂದ. ನಿನ್ನ ತಾತನಿಗೆ ಆ ಮುದುಕಿಯ ಮೇಲೇ ಸಿಟ್ಟು ಬಂತು. "ನಡುರೋಡಲ್ಲಿ ಅವ್ಳಿಗೇನು ಕೆಲ್ಸ? ತಪ್ಪು ಅವಳ್ದೇ!" ಎಂದು ಗುಡುಗಿದರು. ಗುಡುಗುವಾಗ ಅವರು ನಿಂತಿದ್ದದ್ದು ಎಲ್ಲಿ ಅಂತೀಯ? ನಡುರಸ್ತೆಯಲ್ಲಿ, ಹುಲ್ಲು ತಿರುವುವ ಕೋಲು ಹಿಡಿದುಕೊಂಡು! ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ. ನಕ್ಕೂ ನಕ್ಕೂ ನನಗೆ ಪಕ್ಕೆ ಹಿಡಿದುಕೊಂಡಿತು. ತಾತ ಮೆಲ್ಲಗೆ ಬದಿಗೆ ಸರಿದು, "ಮುದುಕೀನೇ ಉಳಿಸ್ಲಿ ಬಿಡು" ಅಂದರು.

ನನ್ನ ತೀರ್ಪೂ ಅದೇ. ಕಾರು ಹತ್ತಿದವರು ಗೊತ್ತಿದ್ದು, ಒಪ್ಪಿಯೇ ಹತ್ತಿರುತ್ತಾರೆ. ದಾರಿಯಲ್ಲಿ ನಿಂತವಳನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಅವಳನ್ನೇ ಉಳಿಸಲಿ. ಹೀಗೇ ಬರೆದು ಕೊಟ್ಟು ನೆಮ್ಮದಿಯಾಗಿ ಮಲಗು. ಕಾರಿಗೆ ಬುದ್ಧಿ ಕಲಿಸುವವಳು ನನ್ನ ಮೊಮ್ಮಗಳು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಹಿಗ್ಗು ತಡೆಯಲಾಗುತ್ತಿಲ್ಲ ಕಣೇ.

ತಾತನೂ ನಾನೂ ಇಲ್ಲಿಂದಲೇ ನಿನ್ನ ತಲೆ ಸವರಿ ಹರಸುತ್ತಿದ್ದೇವೆ. ತಣ್ಣಗಿರು.

ನಿನ್ನ ಅಜ್ಜಿ,
ಮುನಿತಾಯಮ್ಮ

ವಿ.ಸೂ.: ನಿನ್ನ ಅಮ್ಮ ಈಗಷ್ಟೇ ಬಾಯಿಬಿಟ್ಟಳು. ಆ ಕಾರನ್ನು ಓಡಿಸಿ ನೋಡುವಾಗ ಒಳಗೆ ಕೂರುವವಳು ನೀನೇ ಅಂತೆ! ಕಳ್ಳೀ, ನನಗೆ ಹೇಳಲೇ ಇಲ್ಲ. ಬರೆದದ್ದನ್ನೆಲ್ಲ ಹೊಡೆದುಹಾಕಲು ಪೆನ್ನು ಎತ್ತಿದೆ, ಮನಸ್ಸು ಬರಲಿಲ್ಲ. ಆ ಮುದುಕಿಗೂ ಮೊಮ್ಮಕ್ಕಳಿರುತ್ತಾರೆ. ತೀರ್ಪು ಹಾಗೇ ಇರಲಿ. ಆದರೆ ನನ್ನ ಮುಖದ ಗುರುತನ್ನು ಕಾರಿಗೆ ಕಲಿಸಿಬಿಡು. ದಾರಿಯಲ್ಲಿ ನಿಂತವಳು ನಾನೇ ಆಗಿದ್ದರೆ ಅದು ತಿರುಗುವುದು ಬೇಡ, ನೇರ ಬರಲಿ. ನನ್ನನ್ನು ಕೇಳಿದ್ದಾಯಿತು, ನಾನು ಒಪ್ಪಿದ್ದಾಯಿತು.