ಮೂವತ್ತು ಕುರ್ಚಿಯ ಮದುವೆ

ನಮ್ಮ ಬಾಡಿಗೆ ಮನೆ, ಮೂರನೆಯ ಮಹಡಿ
ತಾರೀಕು ೧೯, ಭಾನುವಾರ ಬೆಳಗ್ಗೆ

ನನ್ನ ಮುದ್ದು ಅಪ್ಪನಿಗೆ,

ನಿನ್ನ ಮಗಳ ನಮಸ್ಕಾರ. ಹೇಗಿದ್ದೀಯ ಅಪ್ಪಾ? ಮಂಡಿ ನೋವು ಎಷ್ಟರಲ್ಲಿದೆ? ಶಾಮಿಯಾನ ಕಟ್ಟುವ ನೆಪದಲ್ಲಿ ಮತ್ತೆ ಏಣಿ ಹತ್ತುತ್ತಿಲ್ಲ ತಾನೆ? ಬಿಪಿ ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳಬೇಕು, ಊಟದ ಬದಲಿಗೆ ಅಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿ ಏಳುತ್ತೀಯ ಎಂದು ಅಮ್ಮ ಹೇಳುತ್ತಾಳೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಳಿಯನೂ ಚೆನ್ನಾಗಿದ್ದಾರೆ. ನೋಡು, ಮದುವೆಗೆ ಮುಂಚೆ ನಿನ್ನೆದುರಿಗೇ ‘ಅವನು’ ‘ಇವನು’ ಎನ್ನುತ್ತಿದ್ದವಳಿಗೆ ಈಗ ಪೆನ್ನು ಹಿಡಿದರೆ ಕೈ ತಾನಾಗಿಯೇ ‘ಇವರು’ ಎಂದು ಬರೆಯುತ್ತದೆ! ಹತ್ತನೆಯ ತರಗತಿ ಮುಗಿದ ಮೇಲೆ ಕನ್ನಡದಲ್ಲಿ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಸಾಲ ಮಾಡಿ ಇಂಗ್ಲಿಷ್ ಮೀಡಿಯಂಗೆ ಕಳಿಸಿದವನು ನೀನು, ಆದ್ದರಿಂದ ತಪ್ಪುಗಳಲ್ಲಿ ಅರ್ಧ ನಿನ್ನದು, ಹೊಟ್ಟೆಗೆ ಹಾಕಿಕೊ.

ಇಪ್ಪತ್ತಮೂರು ದಿನವಾಯಿತು ನಿನ್ನ ದನಿ ಕೇಳಿ. ಮದುವೆಯ ದಿನ ಆ ಎರಡು ನಿಮಿಷ ಮಾತಾಡಿದ್ದೇ ಕೊನೆ. ನಾನು ಫೋನ್ ಮಾಡಿದಾಗಲೆಲ್ಲ ಅಮ್ಮ ಎತ್ತಿ, ‘ಗೋಡೌನಿಗೆ ಹೋದ್ರು ಕಣೇ, ಈಗಷ್ಟೇ ಹೋದ್ರು’ ಎನ್ನುತ್ತಾಳೆ. ಅವಳ ಬೆನ್ನ ಹಿಂದೆಯೇ ನಿನ್ನ ಕೆಮ್ಮು ಕೇಳಿಸುತ್ತಿರುತ್ತದೆ. ನಿನಗೆ ಸುಳ್ಳು ಹೇಳಿಸಲೂ ಬರುವುದಿಲ್ಲ ಅಪ್ಪಾ. ನೀನು ಕೋಪಿಸಿಕೊಂಡಿದ್ದೀಯ ಎಂದೇ ನಾನು ಒಂದು ವಾರ ಅತ್ತೆ. ಆಮೇಲೆ ಅಮ್ಮ ಅಡುಗೆಮನೆಗೆ ಹೋಗಿ ಪಿಸುದನಿಯಲ್ಲಿ ಹೇಳಿದಳು, ನೀನು ಹೀಗೆ ಅನ್ನುತ್ತೀಯಂತೆ: ‘ಯಾವ ಮುಖ ಇಟ್ಕೊಂಡು ಮಾತಾಡ್ಲಿ? ಊರೋರ ಮದುವೆಗೆಲ್ಲ ಕುರ್ಚಿ ಹಾಕ್ದೋನು, ನನ್ನ ಮಗಳ ಮದುವೆ ನೋಡೋ ಯೋಗ್ಯತೆ ಇಲ್ಲದೆ ಹೋಯ್ತು.’ ಅದನ್ನು ಕೇಳಿದ ಮೇಲೆ, ನೀನು ಕೋಪಿಸಿಕೊಂಡಿದ್ದರೇ ಎಷ್ಟೋ ವಾಸಿಯಿತ್ತು ಎನ್ನಿಸಿತು. ಅದಕ್ಕೇ ಈ ಕಾಗದ. ಅಮ್ಮನಿಂದ ಓದಿಸಬೇಡ. ನೀನೇ ಕನ್ನಡಕ ಹಾಕಿಕೊಂಡು, ಒಬ್ಬನೇ ಕೂತು ಓದು.

ನೀನು ನೋಡಲಾಗದ ಮದುವೆಯನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ನಮ್ಮಿಬ್ಬರಿಗೂ ಕೆಲಸಕ್ಕೆ ಸೇರಿ ವರ್ಷ ತುಂಬುವವರೆಗೆ ರಜೆಯಿಲ್ಲ. ಇವರದು ಫ್ರಿಜ್ ರಿಪೇರಿ, ನಾನು ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು. ವರ್ಷ ಕಾಯಬಹುದಿತ್ತು. ಕಾಯುವುದಕ್ಕೆ ಆಗಲಿಲ್ಲ, ನಿನ್ನ ಹತ್ತಿರ ಎಂಥ ಮುಚ್ಚುಮರೆ! ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಪಟ್ಟಿ ಮಾಡಿದೆವು. ಹಾಲ್, ಬಟ್ಟೆ, ಹೂವು, ಊಟ, ಉಂಗುರ. ಕೊನೆಯ ಸಾಲು ನಿನ್ನ ಮತ್ತು ಅಮ್ಮನ ವಿಮಾನದ ಟಿಕೆಟ್ಟು. ಉಳಿದ ಸಾಲುಗಳನ್ನೆಲ್ಲ ಕೂಡಿದರೂ ಆ ಒಂದು ಸಾಲಿನ ಸಮಕ್ಕೆ ಬರುತ್ತಿರಲಿಲ್ಲ. ನಿನಗೆ ವಿಡಿಯೋದಲ್ಲಿ ತೋರಿಸಿದೆನಲ್ಲ, ನೆನಪಿದೆಯಾ? ನೀನು ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು, ವ್ಯಾಪಾರದವನ ಹಾಗೆ ಮೇಲಿನಿಂದ ಕೆಳಗೆ ಓದಿ, ‘ದಂಡ ಕಣೇ ಇದು. ಆ ಸಾಲು ಹೊಡೆದ್ಹಾಕು’ ಎಂದೆ. ಒಂದು ಸಲವಾದರೂ ‘ಇಲ್ಲಪ್ಪಾ, ನೀನು ಬರಲೇಬೇಕು’ ಎನ್ನಬಹುದಿತ್ತು ನಾನು. ಅನ್ನಲಿಲ್ಲ. ಗುಂಡಿ ಒತ್ತಿದೆ, ನೀವಿಬ್ಬರೂ ಹೋದಿರಿ. ಮೊತ್ತ ತಟ್ಟನೆ ಅರ್ಧಕ್ಕಿಳಿಯಿತು. ನಾನು ಚಪ್ಪಾಳೆ ತಟ್ಟಿದೆ ಅಪ್ಪಾ. ನಿನ್ನೆದುರಿಗೇ ತಟ್ಟಿದೆ.

ಹಾಲ್ ಸಿಕ್ಕಿದ್ದು ಒಂದು ಲೈಬ್ರರಿಯ ಮೇಲಿನ ಮಹಡಿಯಲ್ಲಿ. ಮರದ ನೆಲ, ಉದ್ದುದ್ದ ಕಿಟಕಿಗಳು, ಎರಡು ಗಂಟೆಗಳ ಬಾಡಿಗೆ. ಬಾಗಿಲಿಗೇ ಚೀಟಿ ಅಂಟಿಸಿದ್ದರು, ಮೂವತ್ತು ಜನಕ್ಕಿಂತ ಹೆಚ್ಚು ಸೇರಕೂಡದು ಎಂದು. ಮೂವತ್ತು ಜನಕ್ಕೆ ಮೂವತ್ತೇ ಕುರ್ಚಿ! ‘ನೂರು ಜನಕ್ಕೆ ನೂರಹತ್ತು ಕುರ್ಚಿ ಹಾಕ್ಬೇಕು, ಖಾಲಿ ಕುರ್ಚಿ ಯಾರನ್ನೂ ಬೈಯಲ್ಲ, ನಿಂತ್ಕೊಂಡಿರೋ ಮನುಷ್ಯ ಬೈತಾನೆ’ ಎನ್ನುವ ನಿನಗೆ ಈ ಲೆಕ್ಕ ಹೇಳಲು ನನಗೆ ಭಯವಾಗಿತ್ತು. ಆವತ್ತು ಒಂದು ಗಂಟೆ ಮುಂಚೆ ಹೋಗಿ ಒಂದೊಂದು ಕುರ್ಚಿಯ ಕಾಲನ್ನೂ ಅಲ್ಲಾಡಿಸಿ ನೋಡಿದೆ. ವಯಸ್ಸಾದವರಿಗೆ ದಾರಿಯ ಪಕ್ಕ, ಮಕ್ಕಳಿರುವವರಿಗೆ ಬಾಗಿಲ ಹತ್ತಿರ, ಥೇಟ್ ನಿನ್ನ ಹಾಗೆಯೇ ಜೋಡಿಸಿದೆ. ಒಂದನ್ನು ಬೋರಲು ಹಾಕಿ ಅಡಿಯಲ್ಲಿ ನಿನ್ನ ಹಸಿರು ಬಣ್ಣದ ಗುರುತಿದೆಯೇನೋ ಎಂದು ಹುಡುಕಿಯೂಬಿಟ್ಟೆ. ಹುಚ್ಚು! ಹಾಲಿನ ಉಸ್ತುವಾರಿ ಹೆಂಗಸು ನನ್ನನ್ನೇ ನೋಡುತ್ತಿದ್ದಳು, ಮದುಮಗಳೇ ಕುರ್ಚಿ ಹಾಕುವುದನ್ನು ಅವಳು ಕಂಡಿರಲಿಲ್ಲವಂತೆ. ಬಟ್ಟೆ ನಮ್ಮ ಕ್ಲಿನಿಕ್ಕಿನ ದೊಡ್ಡ ನರ್ಸಿನದು. ಅವಳು ಬಿದಿರಿನಷ್ಟು ಉದ್ದ, ನಾನು ನಿನ್ನ ಮಗಳು. ಹಾಗಾಗಿ ಕೆಳಗೆ ಹನ್ನೊಂದು ಪಿನ್ನು. ಬಗ್ಗಿದರೆ ಚುಚ್ಚುತ್ತಿತ್ತು, ಊರಿಗೆಲ್ಲ ಚುಚ್ಚುವವಳಿಗೆ ಇವತ್ತು ಚುಚ್ಚಿತು ಎಂದು ಎಲ್ಲರೂ ನಕ್ಕರು. ಹೂವನ್ನು ಹಿಂದಿನ ದಿನ ಅಂಗಡಿ ಮುಚ್ಚುವ ಹೊತ್ತಿಗೆ ಕಾದು ನಿಂತು ಅರ್ಧ ಬೆಲೆಗೆ ತಂದಿದ್ದೆವು. ಊಟವನ್ನು ಜೊತೆಯಲ್ಲಿ ಕೆಲಸ ಮಾಡುವವರೇ ಒಬ್ಬೊಬ್ಬರು ಒಂದೊಂದು ಡಬ್ಬಿ ತುಂಬಿ ತಂದರು. ಕಿಟಕಿಯ ಕಟ್ಟೆಯ ಮೇಲೆ ಕೆಳಗಿನ ಲೈಬ್ರರಿಯ ದಪ್ಪ ಪುಸ್ತಕಗಳನ್ನು ಪೇರಿಸಿ, ಅದಕ್ಕೆ ಒರಗಿಸಿ ನನ್ನ ಫೋನನ್ನು ಇಟ್ಟಿದ್ದೆವು. ನಿನಗಾಗಿ. ರಿಜಿಸ್ಟ್ರಾರ್ ಹೆಂಗಸು ಓದಲು ಶುರುಮಾಡಿದರು. ನಿನ್ನ ಮುಖ ಬಂತು. ಹೊಸ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹತ್ತು ಸೆಕೆಂಡೂ ಇರಲಿಲ್ಲ. ಆಮೇಲಿನದು ನಿನಗೆ ಗೊತ್ತೇ ಇದೆ.

ಅಲ್ಲಿ ಏನೇನು ನಡೆಯಿತೆಂದು ಅಮ್ಮ ಕಂತುಕಂತಾಗಿ ಹೇಳಿದಳು. ‘ಯಾರನ್ನೂ ಕರೀಬೇಡಪ್ಪಾ, ಸಿಂಪಲ್ಲಾಗಿರಲಿ’ ಎಂದು ನಾನು ಅಂದಿದ್ದಕ್ಕೆ ನೀನು ‘ಮನೆ ಮಂದಿ ನಾಲ್ಕು ಜನ ಅಷ್ಟೆ’ ಎಂದಿದ್ದೆ. ಕಳ್ಳ! ಬೀದಿಯ ಈ ತುದಿಯಿಂದ ಆ ತುದಿಗೆ ಶಾಮಿಯಾನ ಹಾಕಿಸಿದ್ದೆಯಂತೆ. ಯಾರಿಗೂ ಬಾಡಿಗೆ ಕೊಡದೆ ಎತ್ತಿಟ್ಟಿದ್ದ ಹೊಸ ಜಾಲರಿ ಬಟ್ಟೆಯನ್ನು ಬಿಚ್ಚಿದ್ದೆಯಂತೆ. ಇನ್ನೂರು ಜನಕ್ಕೆ ಇನ್ನೂರಿಪ್ಪತ್ತು ಕುರ್ಚಿ, ಎದುರಿಗೆ ನನ್ನ ಮದುವೆ ಕಾಣಲೆಂದು ಮೈಕ್‌ಸೆಟ್ ಮಾವ ಕಟ್ಟಿದ ದೊಡ್ಡ ಪರದೆ. ಮೂವತ್ತು ವರ್ಷದಲ್ಲಿ ಯಾವ ಮದುವೆಯಲ್ಲೂ ಕೂರದ ನೀನು, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು, ಶಾಲೆಯ ಫೋಟೋಗೆ ಕೂತ ಹಾಗೆ ಕೂತಿದ್ದೆ ಎಂದಳು ಅಮ್ಮ. ಪರದೆ ಕಪ್ಪಾಯಿತು. ತಿರುಗಿ ನೋಡಿದರೆ ಮೈಕ್‌ಸೆಟ್ ಮಾವ ಕೈಯಲ್ಲಿ ತಂತಿ ಹಿಡಿದುಕೊಂಡು ನಿಂತಿದ್ದಾರೆ. ನೀನು ನನಗೆ ಫೋನ್ ಮಾಡಿದೆ. ನಾನು, ‘ಇಲ್ಲಿ ಎಲ್ಲ ಸರಿಯಾಗೇ ಇತ್ತಪ್ಪಾ, ಆ ಕಡೇನೇ ಏನೋ ಆಗಿರ್ಬೇಕು’ ಎಂದೆ. ಹಾಗೆಯೇ ಅಂದೆ. ಅಲ್ಲಿಗೆ ನಿನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇನ್ನೂರು ಜನರೆದುರು ನೀನು, ‘ಕಂಡೋರ ಮದುವೆಗೆಲ್ಲ ಸರಿಯಾಗಿ ಮಾಡಿ ನನ್ನ ಮಗಳ ಮದುವೇಲಿ ತಂತಿ ಎಳೆದ್ಯಲ್ಲೋ, ಎಷ್ಟು ದಿನದ ಹೊಟ್ಟೆಕಿಚ್ಚೋ ಇದು’ ಎಂದುಬಿಟ್ಟೆ. ಮಾವ ತಂತಿಗಳನ್ನು ಮೊಣಕೈಗೆ ಸುತ್ತಿ ಸುತ್ತಿ ಕಟ್ಟಿ, ಎಲೆ ಮುಂದೆ ಕೂರದೆ, ನೀರೂ ಕುಡಿಯದೆ ಹೋದರಂತೆ.

ಅಪ್ಪಾ, ಅವರು ಮೈಕ್‌ಸೆಟ್ ಮಾವ. ನಿನ್ನ ಹೆಂಡತಿಗಿಂತ ಮುಂಚಿನಿಂದ ನಿನ್ನ ಜೊತೆಗಿದ್ದವರು. ನಿನ್ನ ಕುರ್ಚಿ ಹೋದ ಕಡೆ ಅವರ ಮೈಕು, ಅವರ ಲೈಟು ಹೋದ ಕಡೆ ನಿನ್ನ ಪಾತ್ರೆ. ಒಂದೇ ಗೋಡೌನು, ನಡುವೆ ಒಂದು ಸೀಮೆಸುಣ್ಣದ ಗೆರೆ, ಒಂದು ಬೀಗಕ್ಕೆ ಎರಡು ಕೀಲಿಕೈ. ದಿನಕ್ಕೊಂದು ಸಲ ಆ ಗೆರೆಗಾಗಿ ಜಗಳ, ದಿನಕ್ಕೆರಡು ಸಲ ಒಂದೇ ಲೋಟದ ಚಹಾ. ನಾನು ಎಲ್‌ಕೆಜಿಗೆ ಹೋಗುವ ಮುಂಚೆಯೇ ನನ್ನನ್ನು ಎತ್ತಿಕೊಂಡು ಮೈಕಿನ ಮುಂದೆ ‘ಹಲೋ ಹಲೋ, ಒನ್ ಟೂ ತ್ರೀ’ ಹೇಳಿಸುತ್ತಿದ್ದವರು ಅವರೇ, ನನ್ನ ಇಂಗ್ಲಿಷ್ ಶುರುವಾಗಿದ್ದೇ ಅಲ್ಲಿ. ಎಂಥ ಗದ್ದಲದ ಮದುವೆಯಲ್ಲೂ ಎರಡು ಕುರ್ಚಿ ಜೋಡಿಸಿಕೊಂಡು ಮುದುಡಿ ಮಲಗುತ್ತೇನೆಂದು ನನಗೆ ‘ಮಡಚು ಕುರ್ಚಿ’ ಎಂದು ಹೆಸರಿಟ್ಟವರೂ ಅವರೇ. ಈಗ ಸಾಮಾನನ್ನೆಲ್ಲ ಮನೆಗೆ ಸಾಗಿಸಿ, ತಮ್ಮ ಕೀಲಿಕೈಯನ್ನು ಒಂದು ಕಾಗದದ ಚೂರಿನಲ್ಲಿ ಸುತ್ತಿ ಯಾರದೋ ಕೈಯಲ್ಲಿ ಕಳಿಸಿದ್ದಾರಂತೆ. ಇಪ್ಪತ್ತೆಂಟನೆಯ ತಾರೀಕು ಸೆಟ್ಟನ್ನೆಲ್ಲ ಮಾರಿ ತಂಗಿಯ ಊರಿಗೆ ಹೊರಟುಹೋಗುತ್ತಾರಂತೆ. ನೀನು ಬಂದ ಆರ್ಡರುಗಳನ್ನೆಲ್ಲ ವಾಪಸ್ ಕಳಿಸುತ್ತ, ಗೋಡೌನಿನಲ್ಲಿ ಗೆರೆಯ ನಿನ್ನ ಬದಿಯಲ್ಲೇ ಕೂತಿರುತ್ತೀಯಂತೆ. ಖಾಲಿಯಾದ ಆ ಬದಿಗೆ ಒಂದು ಕುರ್ಚಿಯನ್ನೂ ಸರಿಸಿಲ್ಲ ಎಂದಳು ಅಮ್ಮ.

ಇಲ್ಲಿ ನನ್ನ ಪಾಡೂ ಅಷ್ಟೇ. ಮದುವೆಯಾದ ಹೊಸತು, ರೆಕ್ಕೆ ಬಂದ ಹಾಗಿರಬೇಕಿತ್ತು. ಇವರು ನನ್ನನ್ನು ನಗಿಸಲು ಫ್ರಿಜ್ಜಿನೊಳಗೆ ತಲೆಯಿಟ್ಟು ಹಾಡುತ್ತಾರೆ, ಅಲ್ಲಿ ದನಿ ಗುಂಯ್ ಎನ್ನುತ್ತದೆಂದು! ನಾನು ನಗುತ್ತೇನೆ, ನಗುತ್ತಲೇ ಅಳು ಬರುತ್ತದೆ. ತವರಿನ ನೆನಪು ಎಂದುಕೊಂಡು ಅವರು ತಲೆ ಸವರುತ್ತಾರೆ. ಹಾಗೆ ಸವರಿದಾಗ ಕುಗ್ಗಿಹೋಗುತ್ತೇನೆ, ಆ ಪ್ರೀತಿಗೆ ನಾನು ತಕ್ಕವಳಲ್ಲ. ಮೊನ್ನೆ ಒಬ್ಬ ಅಜ್ಜನ ತೋಳಿನಲ್ಲಿ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ‘ಪರವಾಗಿಲ್ಲ’ ಎಂದು ಆ ಅಜ್ಜನೇ ನನಗೆ ಸಮಾಧಾನ ಹೇಳಿದರು. ಮದುವೆಯ ಫೋಟೋಗಳು ಬಂದು ಹತ್ತು ದಿನವಾಯಿತು, ಲಕೋಟೆ ಒಡೆದಿಲ್ಲ. ಆ ಮೂವತ್ತು ಜನರಲ್ಲಿ ನನ್ನ ಮುಖವನ್ನು ನೋಡಲು ನನಗೆ ಧೈರ್ಯವಿಲ್ಲ. ಇಡೀ ಮದುವೆ ಅಗ್ಗದಲ್ಲಿ ಮುಗಿಯಿತೆಂದು ಹಿಗ್ಗಿದ್ದೆ ಅಪ್ಪಾ. ಇಷ್ಟು ದುಬಾರಿಯ ಮದುವೆಯನ್ನು ನಮ್ಮ ಮನೆತನದಲ್ಲಿ ಯಾರೂ ಮಾಡಿಕೊಂಡಿರಲಿಕ್ಕಿಲ್ಲ.

ಅಮ್ಮನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಅಳಿಯ ನಿನಗೆ ನಮಸ್ಕಾರ ತಿಳಿಸಿದ್ದಾರೆ, ನಿನ್ನ ಹಳೆಯ ಫ್ರಿಜ್ಜಿನ ಗುರುಗುಟ್ಟುವ ಸದ್ದನ್ನು ಬಂದು ತಾವೇ ಸರಿಮಾಡುತ್ತಾರಂತೆ. ನಿನ್ನ ಕಾಲು ಮುಟ್ಟುವಷ್ಟು ಹತ್ತಿರದಲ್ಲಿ ನಾನಿಲ್ಲ, ಅದಕ್ಕೆ ಈ ಹಾಳೆಯ ಮೇಲೇ ಹಣೆಯಿಟ್ಟಿದ್ದೇನೆ. ಇಲ್ಲಿ ಶಾಯಿ ಹರಡಿರುವುದು ಅದರಿಂದಲೇ.

ನಿನ್ನ
ಮಡಚು ಕುರ್ಚಿ

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ಅಪ್ಪಾ, ಲೈನ್ ಹೋಗಿರಲಿಲ್ಲ. ನಾನೇ ಕಟ್ ಮಾಡಿದೆ. ನಿನ್ನ ಮುಖದ ಜೊತೆಗೇ ಮೈಕಿನಲ್ಲಿ ನಿನ್ನ ದನಿಯೂ ಬಂತು, ‘ಮಗಳೇ, ಕುರ್ಚಿ ಸಾಕಾಯ್ತಾ? ಯಾರೂ ನಿಂತಿಲ್ಲ ತಾನೆ?’ ಎಂದು. ಹಾಲಿನ ತುಂಬ ಮೊಳಗಿತು, ಮಾವನ ಲೈನು ಅಷ್ಟು ಚೆನ್ನಾಗಿತ್ತು. ರಿಜಿಸ್ಟ್ರಾರ್ ಓದುವುದನ್ನು ನಿಲ್ಲಿಸಿದರು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ನಾಚಿಕೆಯಾಯಿತು. ನಿನ್ನಿಂದ. ದನಿ ತಗ್ಗಿಸುವವಳ ಹಾಗೆ ಫೋನಿನ ಹತ್ತಿರ ಹೋಗಿ ಕೆಂಪು ಗುಂಡಿ ಒತ್ತಿದೆ, ಲೈನ್ ಹೋಯಿತೆಂದೆ. ಇವರಿಗೂ ಹೇಳಿಲ್ಲ. ನಿನ್ನೆ ಮಾವನಿಗೆ ಫೋನ್ ಮಾಡಿದೆ, ಅವರಿಗೆ ಅವತ್ತೇ ಗೊತ್ತಿತ್ತು. ‘ಆ ಕಡೆಯವರು ಕರೆ ಮುಗಿಸಿದ್ದಾರೆ’ ಎಂದು ಅವರ ಲ್ಯಾಪ್‌ಟಾಪಿನಲ್ಲಿ ಬಂದಿತ್ತು. ಆ ಸಾಲನ್ನು ಪರದೆಯ ಮೇಲೆ ಊರವರು ಓದಬಾರದು, ನೀನಂತೂ ಓದಲೇಬಾರದು ಎಂದು ತಂತಿ ಕಿತ್ತರಂತೆ. ‘ನೀನೇನೂ ಹೇಳ್ಬೇಡ ಮಗಾ, ಅವನಿಗೆ ನಾನಿಲ್ದಿದ್ರೂ ನಡೆಯುತ್ತೆ, ನೀನಿಲ್ದೆ ನಡೆಯಲ್ಲ’ ಎಂದು ಫೋನ್ ಇಟ್ಟುಬಿಟ್ಟರು. ಅವರ ಮಾತು ಮೀರಿ ಬರೆದಿದ್ದೇನೆ. ನಾಳೆ ಬೆಳಗ್ಗೆಯೇ ಕೊರಿಯರಿಗೆ ಹಾಕುತ್ತೇನೆ, ಮುಟ್ಟಲು ಆರೇಳು ದಿನ ಎನ್ನುತ್ತಾರೆ. ಇದನ್ನು ಓದಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಮಾವನ ಮನೆಗೆ ಹೋಗು. ನನ್ನ ಜೊತೆ ಮಾತು ಬಿಡುವುದಾದರೆ, ಹೋಗಿ ಬಂದ ಮೇಲೆ ಬಿಡು.